ಓಣಿಯ ಆಳ

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ವಿಜ್ಞಾನ ಪತ್ರಿಕೆಯ ಕಚೇರಿಯಿಂದ ಬಂದಿದ್ದ ಅವನ ಲೇಖನದ ಕರಡಚ್ಚಿನ ಅಂಚಿನಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಆರಕ್ಕೆ ಉತ್ತರ ಬರೆದಾಗಿತ್ತು: ಬಿಟ್ಟುಹೋದ ಅಲ್ಪವಿರಾಮ ಎಲ್ಲಿಗೆ ಸೇರಬೇಕು, ಎರಡನೆಯ ಚಿತ್ರದ ಬಣ್ಣದ ಪಟ್ಟಿಗೆ ಮಾನ ಯಾವುದು, ಆಂಟೆನಾಗಳು ನಲವತ್ತೆರಡೋ ನಲವತ್ಮೂರೋ, ಇಂಥವು. ಏಳನೆಯದನ್ನು ಅವನು ಮೂರು ಸಲ ಓದಿದ. ‘ಮೂರನೆಯ ಭಾಗ, ಎರಡನೆಯ ಪ್ಯಾರಾ. “ಓಣಿಯ ಆಳವನ್ನು ಇಬ್ಬರು ಪ್ರತ್ಯೇಕವಾಗಿ ಅಳೆದಿದ್ದಾರೆ, ಎರಡೂ ಅಳತೆಗಳು ಹೊಂದುತ್ತವೆ.” ಇಬ್ಬರು ಎಂದರೆ ಯಾರು ಯಾರು? ದಯವಿಟ್ಟು ಹೆಸರಿನ ಮೊದಲಕ್ಷರಗಳನ್ನು ತಿಳಿಸಿ.’ ಕೇಳಿದವಳು ಎಲ್ಲೋ ದೂರದ ಊರಿನ ಕರಡು ತಿದ್ದುವವಳು. ಅವಳಿಗೆ ನಕ್ಷತ್ರ ಗೊತ್ತಿಲ್ಲ, ಅದರ ಸುತ್ತಲಿನ ದೂಳಿನ ತಟ್ಟೆ ಗೊತ್ತಿಲ್ಲ, ಆ ತಟ್ಟೆಯಲ್ಲಿ ಓಣಿಯ ಹಾಗೆ ಕಾಣುವ ಖಾಲಿ ಪಟ್ಟಿ ಗೊತ್ತಿಲ್ಲ. ಯಾರು ಯಾವ ಕೆಲಸ ಮಾಡಿದರೆಂದು ಮೊದಲಕ್ಷರ ಹಾಕಬೇಕೆನ್ನುವುದು ಅವರ ಪತ್ರಿಕೆಯ ನಿಯಮ, ಅಷ್ಟೇ. ಅಷ್ಟೇ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ನೆನಪಾಗಿ, ನಿಜವಾಗಿಯೂ ಎಡಗೈ ಹೆಗಲ ಕಡೆಗೆ ಹೋಗಿದ್ದನ್ನು ಕಂಡು, ಕೈಯನ್ನು ಮೇಜಿನ ಮೇಲೆ ಇಟ್ಟ. ಕರಡಚ್ಚು ಸಂಜೆ ನಾಲ್ಕಕ್ಕೆ ವಾಪಸು ಹೋಗಬೇಕು. ಆಮೇಲೆ ಅದು ಅಚ್ಚಾದಂತೆಯೇ.

ಒಬ್ಬ ಅವನೇ. ಇನ್ನೊಬ್ಬಳ ಹೆಸರು ಲೇಖಕರ ಪಟ್ಟಿಯಲ್ಲಿರಲಿಲ್ಲ. ಕೊನೆಯ ಪುಟದಲ್ಲಿ, ಕಂಪ್ಯೂಟರು ನೋಡಿಕೊಂಡವರು, ಕಟ್ಟಡ ಕಾಯುವವರು ಇವರ ನಡುವೆ, ‘ಉಪಯುಕ್ತ ಚರ್ಚೆಗಳಿಗಾಗಿ’ ಎಂದು ಅವಳಿಗೂ ಒಂದು ವಂದನೆ ಇತ್ತು. ಅವಳಿದ್ದಾಗ ಗುಂಪಿನವರೆಲ್ಲ ಅವಳನ್ನು ಅಡ್ಡಗಾಲು ಎಂದು ಕರೆಯುತ್ತಿದ್ದರು. ಏನು ಹೇಳಿದರೂ ‘ಅದು ಹೇಗೆ ಸರ್?’ ಎನ್ನುತ್ತಿದ್ದಳು ಎಂದು. ಹೆಸರಿಟ್ಟವನು ಅವನೇ. ಇಟ್ಟಾಗ ಅವಳೂ ನಕ್ಕಿದ್ದಳು. ನಕ್ಕಿದ್ದಳೇ? ನಕ್ಕ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಂದಿದ್ದು ಬೇರೆಯವರ ಹಲ್ಲುಗಳು.

ಈ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಗುಂಪಿನ ಹಿರಿಯರಾದ ಮೇಷ್ಟ್ರು ಮೂವತ್ತು ವರ್ಷದ ಹಿಂದೆ ಮಾಡಿದ್ದು. ಯಾವುದೇ ಮುಖ್ಯ ಸಂಖ್ಯೆಯನ್ನು ಎರಡು ಕೈ ಅಳೆಯಬೇಕು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು. ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದು, ದಿನಾಂಕ ಹಾಕಿ, ಆಮೇಲೆ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು. ಒಬ್ಬನ ಅಳತೆ ಅಳತೆಯಲ್ಲ, ಆಸೆ, ಎನ್ನುವುದು ಮೇಷ್ಟ್ರ ಮಾತು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕೊಡುತ್ತಿದ್ದದ್ದು ಕಂಪ್ಯೂಟರಲ್ಲ, ಗಟ್ಟಿ ರಟ್ಟಿನ ನೋಟುಪುಸ್ತಕ ಮತ್ತು ಪೆನ್ನು. ಅವನಿಗೂ ಹಾಗೆಯೇ ಕೊಟ್ಟಿದ್ದರು, ಹತ್ತೊಂಬತ್ತು ವರ್ಷದ ಹಿಂದೆ. ‘ಪೆನ್ಸಿಲ್ ಹಿಡಿದೋನು ಮನೆಗೆ’ ಎಂದು ನಗುತ್ತ. ಓಣಿಯ ವಿಷಯದಲ್ಲಿ ಮೊದಲ ಕೈ ಅವನದು, ಎರಡನೆಯ ಕೈ ಅವಳದು. ಅವನ ಪುಸ್ತಕದಲ್ಲಿ ನಲವತ್ತೊಂದು, ದೋಷಮಿತಿ ನಾಲ್ಕು. ಅಂದರೆ ಅಕ್ಕಪಕ್ಕಕ್ಕೆ ಹೋಲಿಸಿದರೆ ಓಣಿಯಲ್ಲಿ ದೂಳು ನೂರಕ್ಕೆ ನಲವತ್ತೊಂದು ಪಾಲು ಕಡಿಮೆ. ಆಚೀಚೆ ಆಗುವುದು ಸಾಮಾನ್ಯವಾಗಿ ನಾಲ್ಕರಷ್ಟು; ಸಂಖ್ಯೆ ದೋಷಮಿತಿಯ ಮೂರು ಪಟ್ಟಾದರೂ ಇದ್ದರೆ ಮಾತ್ರ ಓಣಿ ಇದೆ ಎನ್ನಬಹುದು. ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ಬರೆದದ್ದು ನಲವತ್ತು. ಹಲಗೆಯ ಮೇಲೆ ಬರೆದದ್ದು. ಪುಸ್ತಕದಲ್ಲಿ ಏನು ಬರೆದಿದ್ದಳೋ ಅವನು ಕೇಳಲಿಲ್ಲ, ಪುಸ್ತಕ ಅದಲುಬದಲಾಗಲಿಲ್ಲ.

ಹೋದ ವರ್ಷ ಫೆಬ್ರವರಿ, ಗುರುವಾರದ ಸಭೆ. ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ನೋಟುಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳ ಸರದಿ ಬಂದಾಗ, ‘ಓಣಿ ಇಲ್ಲ ಸರ್’ ಎಂದಳು. ಎಂಟು ಜನ ಇದ್ದರು. ಮೇಷ್ಟ್ರು ಇದ್ದರು. ಆ ಮಾತಿಗೆ ಮೇಷ್ಟ್ರ ಮುಖ ಹೇಗಾಯಿತೆಂದರೆ, ಮೆಟ್ಟಿಲು ಇದೆಯೆಂದು ಕಾಲಿಟ್ಟು ನೆಲ ಸಿಕ್ಕವರ ಹಾಗೆ. ಅದನ್ನು ನೋಡಲಾಗದೆ ಅವನು ಬಾಯಿ ಹಾಕಿದ್ದ. ‘ಎಲ್ಲಿಂದ ಶುರು ಮಾಡಿದೆಯಮ್ಮಾ?’ ‘ನುಣುಪು ತಟ್ಟೆಯಿಂದ ಸರ್. ಏನೂ ಇಲ್ಲದ್ದರಿಂದ.’ ‘ಏನೂ ಇಲ್ಲದ್ದರಿಂದ ಶುರು ಮಾಡಿದರೆ ಏನೂ ಸಿಗಲ್ಲ. ಬರಿಗೈಲಿ ಮೊಳ ಹಾಕೋಕಾಗುತ್ತಾ? ನನ್ನ ಚಿತ್ರದಿಂದ ಶುರು ಮಾಡು, ದಾರಿ ತಪ್ಪಲ್ಲ.’ ಎಲ್ಲರೂ ನಕ್ಕರು. ಯಾರೋ ‘ಅಡ್ಡಗಾಲಿಗೆ ಊರುಗೋಲು’ ಎಂದರು. ಅವಳು ಪುಸ್ತಕ ಮುಚ್ಚಿದಳು. ಮುಂದಿನ ಗುರುವಾರ ಬಂದು ಹಲಗೆಯ ಮೇಲೆ ಬರೆದು, ‘ನಲವತ್ತು ಬಂತು ಸರ್’ ಎಂದಳು, ಬಸ್ಸು ಬಂತು ಎನ್ನುವ ದನಿಯಲ್ಲಿ. ಮೂರು ತಿಂಗಳಿಗೆ ಕೆಲಸ ಬಿಟ್ಟಳು. ಬೀಳ್ಕೊಡುಗೆಯ ದಿನ ಅವನಿಗೆ ಬೇರೆ ಊರಿನಲ್ಲಿ ಕೆಲಸವಿತ್ತು. ಇರಲಿಲ್ಲ, ಇದೆಯೆಂದು ಮಾಡಿಕೊಂಡಿದ್ದ.

ತಪ್ಪು ಎಲ್ಲಿರಬಹುದೆಂದು ಅವನಿಗೆ ಗೊತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರೆ ಹೇಳುವುದು ಕಷ್ಟ. ಹಲ್ಲುನೋವಿನ ಹಾಗೆ, ಇದೆ ಎಂದುಕೊಂಡ ದಿನಕ್ಕಿಂತ ಮುಂಚೆಯೇ ಇತ್ತು. ಆಂಟೆನಾಗಳಲ್ಲಿ ಬಂದು ಬೀಳುವುದು ಚಿತ್ರವಲ್ಲ, ಅಲೆ. ಗಾಳಿಯಲ್ಲಿರುವ ನೀರಿನ ಆವಿ ಆ ಅಲೆಯನ್ನು ಒಂದೊಂದು ಆಂಟೆನಾಕ್ಕೆ ಒಂದೊಂದು ಚೂರು ತಡಮಾಡಿ ಮುಟ್ಟಿಸುತ್ತದೆ. ಆ ತಡವನ್ನು ತೆಗೆಯಲು ಒಂದು ಉಪಾಯವಿದೆ: ನಾವು ನೋಡುತ್ತಿರುವುದು ಹೀಗಿದೆ ಎಂದು ಒಂದು ಚಿತ್ರವನ್ನು ಊಹಿಸಿಕೊಳ್ಳುವುದು, ಆ ಚಿತ್ರಕ್ಕೆ ಹೊಂದುವಂತೆ ಪ್ರತಿ ಆಂಟೆನಾದ ಹೊತ್ತನ್ನು ಹಿಂದಕ್ಕೆ ಮುಂದಕ್ಕೆ ಸರಿಸುವುದು, ಸರಿಸಿದ ಮೇಲೆ ಬಂದ ಚಿತ್ರವನ್ನು ಊಹೆಯಾಗಿ ಇಟ್ಟುಕೊಂಡು ಮತ್ತೆ ಸರಿಸುವುದು. ಬೆಳಕು ಜೋರಾಗಿದ್ದರೆ ಎಲ್ಲಿಂದ ಹೊರಟರೂ ಒಂದೇ ಊರು ಸೇರುತ್ತೇವೆ. ಬೆಳಕು ಕ್ಷೀಣವಾಗಿದ್ದು, ಸರಿಸುವ ಹೊತ್ತಿನ ತುಂಡುಗಳೂ ತೀರ ಚಿಕ್ಕವಾಗಿದ್ದರೆ, ಗದ್ದಲವೇ ಬಾಗಿ ಬಾಗಿ ನಮ್ಮ ಊಹೆಯ ಆಕಾರ ತಾಳುತ್ತದೆ. ಕೇಳಿದ್ದನ್ನೇ ಹೇಳುತ್ತದೆ. ಈ ತಟ್ಟೆಯ ಬೆಳಕು ಕ್ಷೀಣ. ಅವನು ತೆಗೆದುಕೊಂಡದ್ದು ಆರಾರು ಸೆಕೆಂಡಿನ ತುಂಡು. ಮೊದಲ ಊಹೆಯ ಚಿತ್ರದಲ್ಲೇ ಅವನು ಓಣಿಯನ್ನು ಬಿಡಿಸಿದ್ದ, ಭೂಮಿಗೂ ಸೂರ್ಯನಿಗೂ ಇರುವ ದೂರದ ಅರವತ್ತೊಂದರಷ್ಟು ದೂರದಲ್ಲಿ, ತೆಳ್ಳಗೆ, ದಾರಿ ತಪ್ಪದಿರಲಿ ಎಂದು. ಅರವತ್ತೊಂದು ಯಾಕೆ? ಮೇಷ್ಟ್ರು ಇಪ್ಪತ್ತೆರಡು ವರ್ಷದ ಹಿಂದೆ ಕಾಗದದ ಮೇಲೆ ಲೆಕ್ಕ ಹಾಕಿ, ಇಂಥ ಎಳೆಯ ನಕ್ಷತ್ರದ ತಟ್ಟೆಯಲ್ಲಿ ಸುಮಾರು ಅಲ್ಲಿ ಒಂದು ಗ್ರಹ ಹುಟ್ಟುತ್ತಿರಬೇಕು, ಅದು ತನ್ನ ದಾರಿಯ ದೂಳನ್ನು ಗುಡಿಸಿ ಓಣಿ ಮಾಡಿರಬೇಕು ಎಂದಿದ್ದರು. ಆಗ ಒಂದು ದೊಡ್ಡ ಸಭೆಯಲ್ಲಿ ಯಾರೋ ಎದ್ದು, ‘ಆ ಮನೆ ಬಾಡಿಗೆಗೆ ಇದೆಯಾ?’ ಎಂದು ಕೇಳಿ ಇಡೀ ಸಭಾಂಗಣ ನಕ್ಕಿತ್ತಂತೆ. ಮೇಷ್ಟ್ರು ಇದನ್ನು ತಾವೇ ತಮಾಷೆಯಾಗಿ ಹೇಳುತ್ತಿದ್ದರು, ವರ್ಷಕ್ಕೆ ಎರಡು ಸಲವಾದರೂ. ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಾರೆ.

ಒಂಬತ್ತು ಐವತ್ತೆಂಟಕ್ಕೆ ಅವನು ಎದ್ದು ಬಾಗಿಲು ಹಾಕಿದ. ಮತ್ತೆ ಕೂತು, ಹಳೆಯ ದತ್ತಾಂಶವನ್ನು ಹೊಸ ಹೆಸರಿನ ಕೋಶಕ್ಕೆ ನಕಲು ಮಾಡಿ, ಊಹೆಯ ಜಾಗದಲ್ಲಿ ನುಣುಪು ತಟ್ಟೆಯನ್ನಿಟ್ಟ. ತುಂಡುಗಳನ್ನು ಆರು ಸೆಕೆಂಡಿನಿಂದ ಎರಡು ನಿಮಿಷಕ್ಕೆ ಹಿಗ್ಗಿಸಿದ. ಎಂಟು ಸುತ್ತು. ಯಂತ್ರ ಲೆಕ್ಕ ಹಾಕಿ ಹೇಳಿತು: ನಾಲ್ಕು ಗಂಟೆ ಮೂವತ್ತೈದು ನಿಮಿಷ. ಅಂದರೆ ಎರಡೂವರೆಯ ಸುಮಾರಿಗೆ. ಕೋಶಕ್ಕೆ ಏನು ಹೆಸರಿಡಬೇಕೆಂದು ತೋಚದೆ ‘ಪರೀಕ್ಷೆ’ ಎಂದು ಇಟ್ಟಿದ್ದ; ಆ ಹೆಸರಿನ ಕೋಶಗಳು ಆಗಲೇ ಇಪ್ಪತ್ತಿದ್ದವು, ಕಣ್ಣಿಗೆ ಬೀಳುವುದಿಲ್ಲ ಎನ್ನುವುದೂ ಮನಸ್ಸಿನಲ್ಲಿತ್ತು. ಇದು ಬರೀ ಖಾತ್ರಿಗೆ, ಎಂದುಕೊಂಡ. ಓಣಿ ಇದ್ದೇ ಇರುತ್ತದೆ. ಇದ್ದರೆ ಒಳ್ಳೆಯದು. ಈ ಎರಡನೆಯ ವಾಕ್ಯ ಮೊದಲನೆಯದರ ಬೆನ್ನಿಗೇ ಬಂತಲ್ಲ ಎಂದು ನಾಚಿಕೆಯಾಯಿತು.

ಹನ್ನೊಂದು ಗಂಟೆಗೆ ಫೋಟೋದವನು ಬಂದ. ಸುದ್ದಿ ಹೊರಬೀಳುವ ದಿನ ಜೊತೆಯಲ್ಲಿ ಕೊಡಲು ಚಿತ್ರ ಬೇಕು ಎಂದು ಸಂಸ್ಥೆಯ ಪ್ರಚಾರ ವಿಭಾಗ ಕಳಿಸಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ತಲೆ ಒದ್ದೆ ಮಾಡಿ ಬಾಚಿಕೊಂಡು ಬಂದಿದ್ದರು. ಬಾಚಣಿಗೆಯ ಹಲ್ಲಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ‘ಏನಪ್ಪಾ, ಬಾಣಂತಿ ಹಾಗೆ ಬಾಗಿಲು ಹಾಕ್ಕೊಂಡು ಕೂತಿದೀಯ. ಕರಡು ಹೋಯ್ತಾ?’ ಎಂದರು. ‘ಇನ್ನೂ ಇಲ್ಲ, ಸಣ್ಣಪುಟ್ಟದ್ದು ಉಳಿದಿದೆ.’ ‘ನಾಲ್ಕಕ್ಕೆ ಅಂದ್ರೆ ಮೂರೂ ಐವತ್ತೊಂಬತ್ತಕ್ಕೆ ಕಳಿಸೋನು ನೀನು’ ಎಂದು ಅವನ ಬೆನ್ನಿಗೆ ತಟ್ಟಿದರು. ಫೋಟೋದವನು ದೊಡ್ಡ ಪರದೆಯ ಮೇಲೆ ತಟ್ಟೆಯ ಚಿತ್ರ ಹಾಕಿಸಿದ. ಕಿತ್ತಳೆ ಬಣ್ಣದ ಮೊಟ್ಟೆಯಾಕಾರ, ಅದರೊಳಗೆ ಕಪ್ಪು ಉಂಗುರ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿದ.

‘ಯಾರಾದರೊಬ್ರು ಬೆರಳು ತೋರಿಸಿ ಸರ್, ಗ್ರಹ ಎಲ್ಲಿದೆ ಅಂತ.’

‘ಗ್ರಹ ಕಾಣಲ್ಲಪ್ಪ, ಅದು ಮಾಡಿರೋ ಓಣಿ ಕಾಣುತ್ತೆ’ ಎಂದರು ಮೇಷ್ಟ್ರು.

‘ಕಾಣದಿದ್ರೂ ಪರವಾಗಿಲ್ಲ ಸರ್, ತೋರಿಸಿ. ಓದೋರಿಗೆ ಏನು ಗೊತ್ತಾಗುತ್ತೆ.’

‘ನೀನೇ ತೋರಿಸು, ನೀನು ಕಂಡುಹಿಡಿದದ್ದು’ ಎಂದು ಮೇಷ್ಟ್ರು ಅವನ ಮೊಣಕೈ ಎತ್ತಿದರು. ಅವನು ಬೆರಳು ಚಾಚಿದ. ಬೆರಳಿನ ನೆರಳು ಪರದೆಯ ಮೇಲೆ ಬಿದ್ದು ಓಣಿಯ ಅರ್ಧವನ್ನು ಮುಚ್ಚಿತು. ‘ಸ್ವಲ್ಪ ನಗಿ. ಇನ್ನೂ ಸ್ವಲ್ಪ. ನಿಮ್ಮ ಮಗು ಫಸ್ಟ್ ಕ್ಲಾಸಲ್ಲಿ ಪಾಸಾಗಿದೆ ಅಂದ್ಕೊಳ್ಳಿ.’ ಅವನು ನಕ್ಕ. ಮೇಷ್ಟ್ರ ತೋಳು ಅವನ ಹೆಗಲ ಮೇಲಿತ್ತು. ಅವರ ಬಾಯಿಂದ ಏಲಕ್ಕಿಯ ವಾಸನೆ ಬಂತು, ಸಿಗರೇಟು ಬಿಟ್ಟ ಮೇಲೆ ಹಿಡಿದ ಚಟ. ಹಿಂದೊಮ್ಮೆ ಅವನ ತಂದೆ ಸತ್ತಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ರಾತ್ರಿಯಿಡೀ ಇದೇ ವಾಸನೆ ಅವನ ಪಕ್ಕದಲ್ಲಿ ಕೂತಿತ್ತು, ಒಂದು ಮಾತೂ ಆಡದೆ. ಅವರಿಗೊಂದು ಗ್ರಹ ಕೊಡಬೇಕೆಂದು ಅವನು ಎಂದಾದರೂ ಅಂದುಕೊಂಡಿದ್ದನೇ? ಮಾತಿನಲ್ಲಿ ಇಲ್ಲ. ಊಹೆಯ ಚಿತ್ರ ಬಿಡಿಸುವಾಗ ಕೈ ತಾನಾಗಿಯೇ ಅರವತ್ತೊಂದಕ್ಕೆ ಹೋಗಿತ್ತು, ಅಷ್ಟೇ. ಮತ್ತೆ ಅಷ್ಟೇ.

ಮೂರನೆಯ ಸುತ್ತು ಮುಗಿದು ನಾಲ್ಕನೆಯದು ಹಿಡಿದಿತ್ತು. ನಡುವೆ ಬರುವ ಚಿತ್ರಗಳನ್ನು ತೆರೆದು ನೋಡಬಹುದಾಗಿತ್ತು, ತೆರೆಯಲಿಲ್ಲ. ಅದರ ಬದಲು ಕರಡಚ್ಚಿನ ಏಳನೆಯ ಪ್ರಶ್ನೆಗೆ ಬಂದು, ‘ಪ್ರತ್ಯೇಕವಾಗಿ’ ಎನ್ನುವ ಪದವನ್ನು ಹೊಡೆದು ನೋಡಿದ. ‘ಓಣಿಯ ಆಳವನ್ನು ಇಬ್ಬರು ಅಳೆದಿದ್ದಾರೆ, ಎರಡೂ ಅಳತೆಗಳು ಹೊಂದುತ್ತವೆ.’ ವಾಕ್ಯ ಎಲ್ಲೂ ಕುಂಟಲಿಲ್ಲ. ಅಕ್ಷರಕ್ಕೆ ಅಕ್ಷರ ನಿಜ. ಒಂದು ಪದ ಹೋದದ್ದಕ್ಕೆ ವಾಕ್ಯ ಇನ್ನೂ ಹಗುರವಾಗಿ, ಇನ್ನೂ ಚೊಕ್ಕಟವಾಗಿ ಕಾಣುತ್ತಿತ್ತು. ಕರಡು ತಿದ್ದುವವಳು ಮತ್ತೆ ಕೇಳುವುದಿಲ್ಲ. ಅಡ್ಡಗಾಲು ಓದುವುದಿಲ್ಲ, ಓದಿದರೂ ಏನು ಹೇಳಿಯಾಳು, ಅಳೆದದ್ದು ನಿಜ, ಹೊಂದಿದ್ದು ನಿಜ. ಪದವನ್ನು ವಾಪಸು ತಂದ. ಮತ್ತೆ ಹೊಡೆದ. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ, ಒಣಗಿದ ಗಾಯದ ಹಕ್ಕಳೆ ಕಿತ್ತು ನೋಡುತ್ತಿರುವ ಹಾಗನ್ನಿಸಿ ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ರಸ್ತೆಯಲ್ಲಿ ಇಬ್ಬರು ಕೆಲಸಗಾರರು ಡಾಂಬರಿನ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದರು. ಒಬ್ಬ ಹಗ್ಗ ಹಿಡಿದಿದ್ದ, ಇನ್ನೊಬ್ಬ ಗಾಡಿ ತಳ್ಳುತ್ತಿದ್ದ. ಹಗ್ಗ ಹಿಡಿದವನು ಎಲ್ಲಿ ನಿಂತರೆ ಅಲ್ಲಿಗೇ ಗೆರೆ ಬರುತ್ತಿತ್ತು.

ಒಂದು ಗಂಟೆಗೆ ಹೆಂಡತಿಯ ಫೋನು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಊಟದ ಬಿಡುವಿನಲ್ಲಿ ಮಾತ್ರ ಮಾತಾಡಲು ಸಿಗುತ್ತಾಳೆ.

‘ಫೋಟೋ ಆಯ್ತಾ? ಆ ನೀಲಿ ಅಂಗಿ ಹಾಕ್ಕೊಂಡು ಹೋದ್ರೋ, ಇಲ್ಲ ಆ ಹಳೇದೇನಾ?’

‘ಹಳೇದು.’

‘ಒಳ್ಳೇದಾಯ್ತು. ಪೇಪರ್‌ನಲ್ಲಿ ಬಂದಾಗ ನನ್ನ ಗಂಡ ಅಲ್ಲ ಅಂದ್ಬಿಡ್ತೀನಿ.’ ಅವನು ನಗಲಿಲ್ಲ. ‘ಏನಾಯ್ತು?’ ಎಂದಳು ಅವಳು.

‘ಏನಿಲ್ಲ. ನಿನ್ನ ಹತ್ರ ಕಣ್ಣು ತೋರಿಸೋಕೆ ಬರೋರು ಸುಳ್ಳು ಹೇಳ್ತಾರಾ?’

‘ಈ ಪ್ರಶ್ನೆ ಕೇಳೋಕೆ ಊಟ ಬಿಟ್ರಾ? ಸುಳ್ಳು ಅಂತಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರ್ತಾರಲ್ಲ, ಮುಂದಿನೋರು ಅಕ್ಷರ ಓದೋದು ಕಿವಿಗೆ ಬಿದ್ದಿರುತ್ತೆ. ಆಮೇಲೆ ಒಳಗೆ ಬಂದು ಕೂತು ಅದನ್ನೇ ಓದ್ತಾರೆ. ಅವರಿಗೆ ಕಾಣ್ತಿದೆ ಅಂತಲೇ ಅನ್ಸುತ್ತೆ ಪಾಪ. ಆಣೆ ಮಾಡಿ ಹೇಳ್ತಾರೆ.’

‘ನೀನು ಹೇಗೆ ಕಂಡುಹಿಡೀತೀಯ?’

‘ಬೋರ್ಡು ಬದಲಾಯಿಸ್ತೀನಿ.’

‘ಆಮೇಲೆ?’

‘ಆಮೇಲೇನು, ಪವರ್ ಜಾಸ್ತಿ ಆಗುತ್ತೆ, ಮುಖ ಸಣ್ಣಗಾಗುತ್ತೆ. ನಿಮ್ಮ ಮುಖ ಯಾಕೆ ಸಣ್ಣಗಾಗಿದೆ?’

‘ಫೋನಲ್ಲಿ ಮುಖ ಕಾಣುತ್ತಾ?’

‘ಇಪ್ಪತ್ತು ವರ್ಷ ಆಯ್ತು ಕಟ್ಕೊಂಡು, ಕಾಣದೇನು. ಊಟ ಮಾಡಿ ಮೊದಲು’ ಎಂದು ಇಟ್ಟಳು. ಅವನು ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚಿದ.

ಎರಡು ಗಂಟೆ ಮೂವತ್ತಾರಕ್ಕೆ ಎಂಟನೆಯ ಸುತ್ತು ಮುಗಿಯಿತು. ಚಿತ್ರ ತೆರೆಯಬಾರದು ಎಂದು ಅವನು ಗಟ್ಟಿ ಮಾಡಿಕೊಂಡಿದ್ದ. ಚಿತ್ರ ಕಂಡರೆ ಕಣ್ಣು ಹಗ್ಗ ಹಿಡಿದುಕೊಂಡುಬಿಡುತ್ತದೆ. ಉಂಗುರ ಉಂಗುರವಾಗಿ ಹೊಳಪಿನ ಸರಾಸರಿ ತೆಗೆಯುವ ಚಿಕ್ಕ ಪ್ರೋಗ್ರಾಮನ್ನು ನಡೆಸಿದ. ಓಣಿ ಎಲ್ಲಿರಬೇಕೋ ಅಲ್ಲಿ, ಅದರ ಒಳಬದಿಗೆ, ಹೊರಬದಿಗೆ. ಮೂರು ಸಂಖ್ಯೆ ಬಂದವು. ಭಾಗಾಕಾರವನ್ನು ಕಾಗದದ ಮೇಲೆ ಕೈಯಿಂದಲೇ ಮಾಡಿದ, ಶಾಲೆಯಲ್ಲಿ ಮಾಡಿದ ಹಾಗೆ, ಶೇಷ ಇಳಿಸಿಕೊಂಡು. ದೋಷಮಿತಿಯನ್ನೂ ಕಟ್ಟಿದ. ನಲವತ್ತೊಂದರ ಹತ್ತಿರಕ್ಕೂ ಬಂದಿರಲಿಲ್ಲ. ನೋಟುಪುಸ್ತಕದಲ್ಲಿ ಶಾಯಿಯಲ್ಲಿ ಬರೆದು, ದಿನಾಂಕ ಹಾಕಿ, ಹೊತ್ತು ಹಾಕಿ, ಪುಸ್ತಕ ಮುಚ್ಚಿದ. ಓಣಿಯನ್ನು ಮೊದಲು ಅಳೆದು ಹದಿನಾರು ತಿಂಗಳು ಎಂದು ಲೆಕ್ಕ ಬಂತು. ಆ ಓಣಿಯ ಬಗ್ಗೆ ಅವನು ಹನ್ನೊಂದು ಕಡೆ ಮಾತಾಡಿದ್ದ, ಕೋಲು ಹಿಡಿದು ತೋರಿಸಿದ್ದ. ಚಪ್ಪಾಳೆ ತಟ್ಟಿದ್ದರು. ಒಂದು ಕಡೆ ಹಾರವನ್ನೂ ಹಾಕಿದ್ದರು.

ಮೇಷ್ಟ್ರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬುತ್ತಿದ್ದರು. ಮೇ ತಿಂಗಳಿಗೆ ಈಗಿನಿಂದಲೇ. ಕೋಟು ಕುರ್ಚಿಯ ಬೆನ್ನಿಗೆ ತೂಗಿತ್ತು. ಅವನು ಹೊಸ್ತಿಲಲ್ಲೇ ನಿಂತ.

‘ಒಂದು ವಿಷಯ ಹೇಳ್ಬೇಕಿತ್ತು. ಓಣಿಯದು.’

ಮೇಷ್ಟ್ರು ತಲೆ ಎತ್ತಿದರು. ಅವನ ಕೈಯಲ್ಲಿದ್ದ ನೋಟುಪುಸ್ತಕ ನೋಡಿದರು, ಗೋಡೆಯ ಗಡಿಯಾರ ನೋಡಿದರು. ಮೂರಕ್ಕೆ ಐದು ನಿಮಿಷ. ಅವರ ಕೈಯಲ್ಲಿದ್ದ ಪುಸ್ತಕ ಪೆಟ್ಟಿಗೆಗೆ ಹೋಗದೆ ಗಾಳಿಯಲ್ಲೇ ನಿಂತಿತು.

‘ಹೊಸದಾಗಿ ಅಳೆದ್ಯಾ?’

‘ಹೌದು. ನುಣುಪು ತಟ್ಟೆಯಿಂದ.’

‘ನಂಗೆ ಹೇಳ್ಬೇಡ.’

‘ಸರ್...’

‘ನಾಲ್ಕು ಗಂಟೆ ಆದ್ಮೇಲೆ ಹೇಳು. ಅಲ್ಲಿವರೆಗೆ ನಂಗೆ ಕಿವಿ ಕೇಳಲ್ಲ.’ ನಗಲು ನೋಡಿದರು. ‘ಇಪ್ಪತ್ತೆರಡು ವರ್ಷ ಕಾದಿದೀನಪ್ಪ. ಇನ್ನೊಂದು ಗಂಟೆ ನೀನು ಕಾದ್ರೆ ಗಂಟು ಹೋಗುತ್ತಾ?’ ದನಿ ಸಣ್ಣಗಿತ್ತು. ಅವನು ಆ ದನಿಯನ್ನು ಈ ಮನುಷ್ಯನ ಬಾಯಿಂದ ಎಂದೂ ಕೇಳಿರಲಿಲ್ಲ. ಅಂಗಡಿಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಬಂದ ಗಿರಾಕಿಯ ದನಿ. ಪೆನ್ಸಿಲ್ ಹಿಡಿದೋನು ಮನೆಗೆ ಎಂದವರು ಇವರೇ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಒಂದು ಬಗೆಯ ಹೆದರಿಕೆ, ತಂದೆ ಅಳುವುದನ್ನು ಬಾಗಿಲ ಸಂದಿಯಿಂದ ಕಂಡ ಮಗುವಿನದು. ಹಾಗೆಯೇ, ಅದರ ಅಡಿಯಲ್ಲಿ, ಒಂದು ಹೊಲಸು ಸಮಾಧಾನವೂ ಇತ್ತು: ಹೇಳಲು ಹೋದೆ, ಅವರೇ ಬೇಡವೆಂದರು. ಇನ್ನು ಪದವನ್ನು ಹೊಡೆದು ಕಳಿಸಿದರೆ ಪಾಪದಲ್ಲಿ ಅರ್ಧ ಪಾಲು ಅವರದು. ಮೊಗಸಾಲೆಯಲ್ಲಿ ನಡೆಯುತ್ತ ಅವನು ಈ ಅರ್ಧವನ್ನು ತೂಗಿ ನೋಡಿದ. ಉಳಿದರ್ಧ ಕಡಿಮೆಯಾಗಲಿಲ್ಲ.

ತನ್ನೊಬ್ಬನ ಅಳತೆಯಿಂದ ಏನೂ ನಿಲ್ಲುವುದಿಲ್ಲ, ಅದು ಅವನಿಗೆ ಗೊತ್ತಿತ್ತು. ಹೊಸ ಸಂಖ್ಯೆಯೂ ಒಬ್ಬನ ಸಂಖ್ಯೆಯೇ. ಹೋದ ಸಲ ಆಸೆಯಿಂದ ತಪ್ಪಿದವನು ಈ ಸಲ ಭಯದಿಂದ ತಪ್ಪಿರಬಹುದು. ಎರಡನೆಯ ಕೈ ಬೇಕು, ಈಗಲೇ ಬೇಕು, ಮತ್ತು ಅದು ಹೋದ ವರ್ಷ ಫೆಬ್ರವರಿಯಲ್ಲೇ ಅಳೆದು ಬರೆದಿಟ್ಟ ಕೈ. ಫೋನಿನಲ್ಲಿ ಅವಳ ನಂಬರು ಹುಡುಕಿದ. ಹೆಸರಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ‘ಅಡ್ಡಗಾಲು’ ಎನ್ನುವ ಹೆಸರಿನಲ್ಲಿ, ಕಿಸಕ್ಕನೆ ನಗುವ ಹಳದಿ ಮುಖದ ಜೊತೆ. ಮೊದಲ ಸಲ ಕರೆ ಪೂರ್ತಿ ಹೊಡೆದುಕೊಂಡು ನಿಂತಿತು. ಏನೋ ಹಗುರವಾದಂತಾಯಿತು; ಆ ಹಗುರಕ್ಕೆ ಹೇಸಿ ಮತ್ತೆ ಮಾಡಿದ. ಮೂರು ಇಪ್ಪತ್ತೆಂಟು.

‘ಹಲೋ?’ ಹಿಂದೆ ನೀರು ಸುರಿಯುವ ಸದ್ದು.

ಅವನು ತನ್ನ ಹೆಸರು ಹೇಳಿದ. ‘ನೀವು ಈಗ ಎಲ್ಲಿ ಕೆಲಸ ಮಾಡ್ತಿದೀರಿ?’ ಎಂದ. ಅವಳಿಗೆ ನೀವು ಎಂದದ್ದು ಇದೇ ಮೊದಲು.

‘ನೀರು ಸರಬರಾಜಿನವರ ಹತ್ರ ಸರ್. ಮನೆ ಮನೆ ಮೀಟರ್ ಬರುತ್ತಲ್ಲ, ಅದು ಸರಿ ತೋರಿಸುತ್ತಾ ಅಂತ ಪರೀಕ್ಷೆ ಮಾಡೋದು. ಏನು ವಿಷಯ?’

ಅವನು ಹೇಳಿದ. ಏಳನೆಯ ಪ್ರಶ್ನೆ, ನುಣುಪು ತಟ್ಟೆ, ಎರಡು ನಿಮಿಷದ ತುಂಡು, ನಾಲ್ಕು ಗಂಟೆ. ಮಾತು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. ‘ಅವತ್ತು ನಾನು ನಿಮಗೆ ಎಲ್ಲರ ಎದುರು ಹಾಗೆ...’

‘ಸರ್, ಒಂದು ನಿಮಿಷ’ ಎಂದಳು. ‘ಬೆಂಚಿನ ಮೇಲೆ ಮೀಟರ್ ಓಡ್ತಿದೆ. ನೂರು ಲೀಟರ್ ಬಿಟ್ಟಿದೀನಿ, ಮಧ್ಯ ಕೈ ಬಿಟ್ರೆ ಮೊದಲಿಂದ ಮಾಡ್ಬೇಕು. ಹದಿನೈದು ನಿಮಿಷ ಆಗುತ್ತೆ. ಮುಗಿಸಿ ನಾನೇ ಮಾಡ್ತೀನಿ.’

‘ನಾಲ್ಕು ಗಂಟೆಗೆ...’

‘ಗೊತ್ತಾಯ್ತು ಸರ್. ಮುಗಿಸಿ ಮಾಡ್ತೀನಿ.’ ಇಟ್ಟಳು.

ಅವನು ಕುರ್ಚಿಯಲ್ಲಿ ಕೂತ. ಯಾರದೋ ಮನೆಯ ಮೀಟರು. ಹದಿನಾರು ತಿಂಗಳ ಕೆಲಸ, ಒಬ್ಬ ಮನುಷ್ಯನ ಇಪ್ಪತ್ತೆರಡು ವರ್ಷ, ಅದರ ಎದುರು ನೂರು ಲೀಟರ್ ನೀರು. ಅವಳು ನೀರನ್ನು ಆರಿಸಿಕೊಂಡಳು. ಬೇಕೆಂದೇ ಮಾಡುತ್ತಿದ್ದಾಳೆ, ನಾಲ್ಕು ದಾಟಿಸಿ ಮಾಡುತ್ತಾಳೆ, ಮಾಡುವುದೇ ಇಲ್ಲ. ಮೂರು ನಲವತ್ತು. ಬೇಕೆಂದೇ ಮಾಡುವುದು ಅವಳ ಜಾಯಮಾನವಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೆಣಿಸಿದ್ದರಲ್ಲಿ ಒಂದು ಸುಖವಿತ್ತು. ಮೂರು ನಲವತ್ನಾಲ್ಕು. ಮೊಗಸಾಲೆಯಲ್ಲಿ ಹೆಜ್ಜೆ ಸಪ್ಪಳ ಬಂದು ಅವನ ಬಾಗಿಲ ಮುಂದೆ ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಬೂಟಿನ ನೆರಳು. ಮೇಷ್ಟ್ರ ನಡಿಗೆ ಅವನಿಗೆ ಗೊತ್ತು. ಕದ ತಟ್ಟುತ್ತಾರೆ ಎಂದು ಕಾದ. ನೆರಳು ಅತ್ತಿತ್ತ ಸರಿಯಿತು, ಬಂದ ದಾರಿಯಲ್ಲೇ ಸಪ್ಪಳ ವಾಪಸು ಹೋಯಿತು. ಮೂರು ನಲವತ್ತೇಳು. ಅವನು ಕರಡಚ್ಚಿನ ಪುಟಕ್ಕೆ ಬಂದು ಕರ್ಸರನ್ನು ಆ ಪದದ ಮುಂದೆ ಇಟ್ಟ. ಅದು ಮಿಟುಕುತ್ತಿತ್ತು.

ಮೂರು ಐವತ್ತೊಂದಕ್ಕೆ ಫೋನು ಬಂತು. ನೀರಿನ ಸದ್ದು ನಿಂತಿತ್ತು.

‘ಹೇಳಿ ಸರ್.’

‘ಅವತ್ತಿನ ನಿಮ್ಮ ಅಳತೆ. ಮೊದಲನೇದು, ನನ್ನ ಚಿತ್ರ ಕೊಡೋಕೆ ಮುಂಚೆ ಮಾಡಿದ್ದು. ಅದು ಉಳಿದಿದೆಯಾ?’

‘ಇದೆ. ಪುಸ್ತಕ ಇಲ್ಲೇ ಇದೆ. ಅರ್ಧದಷ್ಟು ಪುಟಗಳು ಖಾಲಿ ಇದ್ವು, ದಂಡ ಮಾಡೋದ್ಯಾಕೆ ಅಂತ ಮೀಟರ್ ಲೆಕ್ಕಾನೂ ಅದ್ರಲ್ಲೇ ಬರೀತಿದೀನಿ.’

‘ಓಣಿ ಇಲ್ಲ ಅಂದಿದ್ರಿ. ನೀವು ಹೇಳಿದ್ದೇ ಸರಿ.’

‘ಇಲ್ಲ ಅಂತ ನಾನು ಹೇಳಿರ್ಲಿಲ್ಲ ಸರ್.’

‘ಹೇಳಿದ್ರಿ. ಬಾಗಿಲ ಹತ್ರ ಕೂತಿದ್ರಿ, ಓಣಿ ಇಲ್ಲ ಸರ್ ಅಂದ್ರಿ.’

‘ಓಣಿ ಇದೆ ಅಂತ ಹೇಳೋಕಾಗಲ್ಲ ಸರ್, ಅಂದೆ. ಸಂಖ್ಯೆ ಓದೋಕೆ ಪುಸ್ತಕ ತೆಗೆದೆ. ಅಷ್ಟರಲ್ಲಿ ನೀವು ಮೊಳ ಅಂದ್ರಿ.’ ದನಿಯಲ್ಲಿ ಸಿಟ್ಟಿರಲಿಲ್ಲ. ಮೀಟರು ಓದಿದ ಹಾಗಿತ್ತು. ‘ಮತ್ತೆ ಬಾಗಿಲ ಹತ್ರ ಅಲ್ಲ ಸರ್, ನಿಮ್ಮ ಪಕ್ಕದಲ್ಲೇ ಕೂತಿದ್ದೆ.’

ಹದಿಮೂರು ತಿಂಗಳಿಂದ ಅವನ ತಲೆಯಲ್ಲಿ ಕೂತಿದ್ದ ಕೋಣೆ, ಆ ಬಾಗಿಲು, ಆ ಕುರ್ಚಿ, ತೊಡೆಯ ಮೇಲಿನ ಪುಸ್ತಕ, ಎಲ್ಲ ಇದ್ದಕ್ಕಿದ್ದ ಹಾಗೆ ಯಾರೋ ಬಿಡಿಸಿದ್ದರಂತೆ ಕಂಡವು. ಬಿಡಿಸಿದವನು ಯಾರೆಂದು ಕೇಳಬೇಕಾಗಿರಲಿಲ್ಲ. ನೆನೆದಾಗಲೆಲ್ಲ ಅವಳನ್ನು ಒಂದೊಂದು ಕುರ್ಚಿ ಆಚೆಗೆ ಸರಿಸುತ್ತ ಬಂದಿರಬೇಕು, ಬಾಗಿಲು ಸಿಗುವ ತನಕ.

‘ನನ್ನನ್ನ ಕ್ಷಮಿಸಿ...’ ಎಂದ.

‘ಅದು ಆಮೇಲೆ ಸರ್. ನಿಮ್ಮದು ಬರ್ದಿದೀರಾ?’

‘ಬರ್ದಿದೀನಿ.’

‘ಶಾಯೀಲಿ?’

‘ಶಾಯೀಲಿ.’

‘ದಿನಾಂಕ ಹಾಕಿದೀರಾ?’

‘ಹೊತ್ತೂ ಹಾಕಿದೀನಿ.’

‘ಸರಿ. ನಾನು ಪುಟ ತೆಗೆದು ಫೋಟೋ ಕಳಿಸ್ತೀನಿ. ನೀವೂ ನಿಮ್ಮದನ್ನ ತೆಗೆದು ಈಗಲೇ ಕಳಿಸಿ. ಎರಡೂ ಒಟ್ಟಿಗೆ ಹೋಗ್ಲಿ. ನಿಮ್ಮದು ಬರೋ ತನಕ ನಂದು ಹೇಳಲ್ಲ, ನಂದು ಬರೋ ತನಕ ನೀವೂ ಹೇಳ್ಬೇಡಿ.’

ಫೋನು ಕಿವಿಯಿಂದ ತೆಗೆಯದೆ ಪುಸ್ತಕ ತೆರೆಯಲು ಹೋಗಿ ಅದು ನೆಲಕ್ಕೆ ಬಿತ್ತು. ಮಂಡಿಯೂರಿ ಅಲ್ಲೇ, ಮೇಜಿನ ಕೆಳಗೆ, ಪುಟ ತೆರೆದು ಫೋಟೋ ತೆಗೆದ. ಮೂರು ಐವತ್ನಾಲ್ಕು. ಕಳಿಸಿದ. ಅದೇ ಗಳಿಗೆಯಲ್ಲಿ ಅವಳದ್ದು ಬಂತು: ಗುಂಡು ಅಕ್ಷರಗಳು, ಪುಟದ ಮೇಲೆ ನೀರು ಬಿದ್ದು ಉಬ್ಬಿ ಒಣಗಿದ ಗುರುತು, ಮೂಲೆಯಲ್ಲಿ ಹೋದ ವರ್ಷದ ದಿನಾಂಕ. ಸಂಖ್ಯೆಯ ಕೆಳಗೆ ಒಂದು ಸಾಲು: ‘ಇದೆ ಎನ್ನಲಾಗದು, ಇಲ್ಲ ಎನ್ನಲಾಗದು. ಇನ್ನೂ ಹೆಚ್ಚು ಹೊತ್ತು ನೋಡಬೇಕು.’ ಆ ಕಡೆ ಅವಳು ಅವನ ಪುಟ ನೋಡುತ್ತಿರಬೇಕು, ಉಸಿರು ಕೇಳಿಸುತ್ತಿತ್ತು.

‘ಹೊಂದುತ್ತೆ ಸರ್’ ಎಂದಳು. ‘ಮೇಷ್ಟ್ರಿಗೆ ಗೊತ್ತಾ?’

‘ಇನ್ನೂ ಇಲ್ಲ.’

‘ಇನ್ನೂ ಹೆಚ್ಚು ಹೊತ್ತು ನೋಡಿದ್ರೆ ಇರಲೂಬಹುದು ಅಂತ ಹೇಳಿ ಸರ್. ಅದು ಸುಳ್ಳಲ್ಲ.’

ಅವನು ಎದ್ದು ಕೂತು ಕರಡಚ್ಚಿನ ಮೇಲ್ಗಡೆ, ಮುದ್ರಣ ತಡೆಯಿರಿ, ಮುಖ್ಯ ಫಲಿತಾಂಶ ತಪ್ಪಾಗಿದೆ, ತಪ್ಪು ನನ್ನದು, ಸಹಲೇಖಕರಿಗೆ ಇಂದೇ ತಿಳಿಸುತ್ತೇನೆ, ಎಂದು ಟೈಪು ಮಾಡಿದ. ಏಳನೆಯ ಪ್ರಶ್ನೆಯ ಕೆಳಗೆ ಅವಳ ಹೆಸರಿನ ಮೊದಲಕ್ಷರಗಳನ್ನು ಹಾಕಿದ, ಆಮೇಲೆ ತನ್ನದು. ‘ಪ್ರತ್ಯೇಕವಾಗಿ’ ಎನ್ನುವ ಪದ ಇದ್ದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಮೂರು ಗಂಟೆ ಐವತ್ತೆಂಟು ನಿಮಿಷಕ್ಕೆ ಕಳಿಸಿದ ಆ ಉತ್ತರದ ಕೊನೆಯ ಸಾಲು ಹೀಗಿತ್ತು: ಓಣಿಯ ಆಳ, ಮೊದಲ ಅಳತೆ ಶೇಕಡಾ ಹನ್ನೊಂದು, ಎರಡನೆಯ ಅಳತೆ ಶೇಕಡಾ ಒಂಬತ್ತು, ದೋಷಮಿತಿ ಎರಡಕ್ಕೂ ಆರು.